ಒಂದೇ ದಿನದ ಮರುಬಳಕೆ ಘಟಕ

ಜುಲೈ ತಿಂಗಳ ಗಾಳಿಗೆ ಪಕ್ಕದ ತೋಟದ ಸಿಲ್ವರ್ ಓಕ್ ಮರದ ಒಂದು ಕೊಂಬೆ ಮುರಿದು ನೆಲ್ಲಿಮಾಡು ಸರ್ಕಾರಿ ಶಾಲೆಯ ಅಡುಗೆಮನೆಯ ಮೇಲೆ ಬಿತ್ತು. ಭಾನುವಾರವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹಂಚು ಮಾತ್ರ ಅರ್ಧಕ್ಕರ್ಧ ಪುಡಿಯಾಯಿತು. ಅದೇ ವಾರ ಶಾಲೆಯ ಬ್ಯಾಂಕ್ ಖಾತೆಗೆ ಬೆಂಗಳೂರಿನ ಒಂದು ಟ್ರಸ್ಟಿನಿಂದ ಎಪ್ಪತ್ತೈದು ಸಾವಿರ ರೂಪಾಯಿಯೂ ಬಂದು ಬಿತ್ತು.

ಹಣ ಬಂದದ್ದು ಶಾಲೆಯಲ್ಲಿ ಪ್ಲಾಸ್ಟಿಕ್, ಕಾಗದ, ಗಾಜು ಬೇರೆ ಮಾಡಿ ಮರುಬಳಕೆಗೆ ಕಳಿಸುವ ಘಟಕ ಕಟ್ಟುವುದಕ್ಕೆ. ಒಂದು ಶೆಡ್, ಮೂರು ಬಣ್ಣದ ಡಬ್ಬಿ, ಒಂದು ತೂಕದ ಯಂತ್ರ, ಮಕ್ಕಳಿಗೆ ಕೈಗವಸು ಎಂದು ಟ್ರಸ್ಟಿನವರು ಪಟ್ಟಿಯನ್ನೂ ಕಳಿಸಿದ್ದರು. ಆದರೆ ಕಕ್ಕಬೆಯಿಂದ ಆರು ಕಿಲೋಮೀಟರ್ ಮೇಲಿರುವ ಆ ಊರಿನ ಮಳೆ ಪಟ್ಟಿ ಓದಿ ಸುರಿಯುವಂಥದ್ದಲ್ಲ. ಎಪ್ಪತ್ತೆರಡು ಮಕ್ಕಳ ಸಾರಿನ ಪಾತ್ರೆಗೆ ಮೂರು ದಿನ ಮೇಲಿಂದ ನೀರು ಬಿದ್ದ ಮೇಲೆ ಮುಖ್ಯ ಶಿಕ್ಷಕಿ ಮಹಾದೇವಮ್ಮನವರು ತೀರ್ಮಾನ ಮಾಡಿಬಿಟ್ಟರು. ಅವರು ಶನಿವಾರಸಂತೆ ಕಡೆಯವರು, ಮಾತು ಕಡಿಮೆ, ತೀರ್ಮಾನ ಜಾಸ್ತಿ.

"ಮೊದ್ಲು ಮಕ್ಳು ನೆಮ್ಮದಿಯಾಗಿ ಉಣ್ಣಲಿ ಕಣಪ್ಪ. ಆ ಘಟಕವ ಮಳೆ ನಿಂತ ಮ್ಯಾಲೆ ಮಾಡಾಣ," ಅಂದರು.

ಟ್ರಸ್ಟಿನ ಹಣದಲ್ಲಿ ಅಡುಗೆಮನೆಗೆ ಹಂಚಿನ ಬದಲು ನೀಲಿ ಬಣ್ಣದ ಶೀಟು ಬಂತು. ಸೆಪ್ಟೆಂಬರಿನಲ್ಲಿ ಟ್ರಸ್ಟಿನವರು ಹಣ ಬಳಕೆಯ ಪ್ರಮಾಣಪತ್ರ ಕೇಳಿದರು. ಶಾಲೆಯ ಇಕೋ ಕ್ಲಬ್ಬಿನ ಹೊಣೆ ಹೊತ್ತಿದ್ದ ಶಿಕ್ಷಕ ಪ್ರಜ್ಞೇಶ್ 'ಮಂಜೂರಾದ ಉದ್ದೇಶಕ್ಕೇ ಬಳಸಲಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದ. ಹಾಕುವಾಗ ಕೈ ಸ್ವಲ್ಪ ನಡುಗಿತು. ಮಳೆ ನಿಂತ ಮೇಲೆ ಘಟಕ ಮಾಡುವುದೇ ತಾನೇ ಎಂದು ಸಮಾಧಾನ ಹೇಳಿಕೊಂಡ. ಮಳೆ ಅಕ್ಟೋಬರಿನಲ್ಲಿ ನಿಂತಿತು. ಘಟಕ ಮಾಡಲು ಹಣವಿರಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಎಂಟೂ ಕಾಲಿಗೆ ಪ್ರಜ್ಞೇಶ್ ಕಕ್ಕಬೆಯ ಹೋಟೆಲಿನಲ್ಲಿ ಪುಟ್ಟು ತಿನ್ನುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಟ್ರಸ್ಟಿನ ಯೋಜನಾಧಿಕಾರಿ ಚೇತನ್‌ಕುಮಾರ್ ಅದೇ ದಿನ ಮಧ್ಯಾಹ್ನ ಎರಡೂವರೆಗೆ ನೆಲ್ಲಿಮಾಡು ಶಾಲೆಯ ಮರುಬಳಕೆ ಘಟಕವನ್ನು ನೋಡಲು ಬರುತ್ತಿದ್ದಾರೆ. ಪ್ರಜ್ಞೇಶ್ ತಿನ್ನುವುದನ್ನು ಅರ್ಧಕ್ಕೆ ಬಿಟ್ಟು, ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಹನಿ ಬಿದ್ದಾಗ ಜನ ಓಡುವಂತೆ ಸ್ಕೂಟರಿನ ಕಡೆ ಓಡಿದ.

ಶಾಲೆಯಲ್ಲಿ ಮಹಾದೇವಮ್ಮನವರು ಸಂದೇಶವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಇನ್ನೊಂದು ಸಲ ಓದಿದರು. ಪ್ರಜ್ಞೇಶ್ ದಾರಿಯುದ್ದಕ್ಕೂ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದ. ಬಂದವರನ್ನು ಕೂರಿಸಿ, ಕೊಂಬೆ ಬಿದ್ದದ್ದು, ಶೀಟು ಹಾಕಿಸಿದ್ದು ಎಲ್ಲವನ್ನೂ ಇದ್ದ ಹಾಗೆ ಹೇಳಿಬಿಡುವುದು. ತಪ್ಪಾಯಿತು ಅಂದರೆ ಮುಗಿಯಿತು, ಅವರೇನು ಹುಲಿಯೇ, ಎಂದು ಅವನ ವಾದ.

ಮಹಾದೇವಮ್ಮ ಒಪ್ಪಲಿಲ್ಲ. ಅವರಿಗೆ ಮೇ ತಿಂಗಳಲ್ಲಿ ನಿವೃತ್ತಿ. ಟ್ರಸ್ಟಿನವರು ಇಲಾಖೆಗೆ ಒಂದು ಕಾಗದ ಬರೆದರೆ ಪೆನ್ಷನ್ ಫೈಲು ಮಡಿಕೇರಿಯ ಯಾವುದೋ ಟೇಬಲ್ಲಿನ ಮೇಲೆ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ.

"ಮೂವತ್ನಾಲ್ಕು ವರ್ಷ ಒಂದು ಮೆಮೊ ಇಲ್ದೆ ಬಂದೀನಿ. ಕೊನೇ ಆರು ತಿಂಗ್ಳಲ್ಲಿ ಕಳ್ಳಿ ಅನ್ನಿಸ್ಕಬೇಕಾ? ಸಹಿ ಬ್ಯಾರೆ ನಿಂದು ಐತೆ, ನೀನೂ ಯೋಚ್ನೆ ಮಾಡು," ಅಂದರು.

ಸಹಿಯ ಮಾತು ಬಂದೊಡನೆ ಪ್ರಜ್ಞೇಶನ ವಾದ ಅರ್ಧ ಕರಗಿತು. ಮನೆಯಲ್ಲಿ ಮೊನ್ನೆಯಷ್ಟೇ ಅವನ ಬಡ್ತಿಯ ಮಾತು ನಡೆದಿತ್ತು. ಅಷ್ಟರಲ್ಲಿ ಬಿಸಿಯೂಟದ ಅಡುಗೆ ಮಾಡುವ ಕಮಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವರು ಶೀಟ್ ಬಿಚ್ಚಿಕೊಂಡು ಹೋಗ್ತಾರಾ ಸಾರ್? ಹಾಗಾದ್ರೆ ಅನ್ನ ಈಗಲೇ ಇಡ್ತೇನೆ," ಅಂದಳು.

ಈ ಗಳಿಗೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಬೆಳ್ಯಪ್ಪನವರು ಒಳಗೆ ಬಂದರು. ಅವರಿಗೆ ಮೂರೆಕರೆ ಕಾಫಿ, ಅದರಲ್ಲಿ ಒಂದಿಷ್ಟು ಕರಿಮೆಣಸು, ಇವೆರಡಕ್ಕಿಂತ ಹೆಚ್ಚಾಗಿ ಪುರುಸೊತ್ತು. ಊರಲ್ಲಿ ಯಾರ ಮನೆಗೆ ಹಾವು ಬಂದರೂ, ಹೆಣ್ಣು ನೋಡಲು ಗಂಡಿನವರು ಬಂದರೂ ಮೊದಲು ತಲುಪುತ್ತಿದ್ದವರು ಅವರೇ. ಶಾಲೆಗೆ ಯಾರೂ ಅವರನ್ನು ಕರೆದಿರಲಿಲ್ಲ. ಪ್ರಜ್ಞೇಶನ ಸ್ಕೂಟರ್ ಹೋದ ವೇಗ ನೋಡಿಯೇ ಹಿಂದೆ ಬಂದಿದ್ದರು.

ವಿಷಯ ಕೇಳಿ ಅವರು ಗಾಬರಿಯಾಗಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಕೆಲಸ ಸಿಕ್ಕಿದವರ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

"ಇದು ಎಂಥ ದೊಡ್ಡ ಸಂಗತಿ ಸಾರ್? ಎರಡೂವರೆಗೆ ಅಲ್ವಾ ಬರುದು? ಇನ್ನೂ ಹತ್ತಿರ ಹತ್ತಿರ ಆರು ಗಂಟೆ ಸಮಯ ಉಟ್ಟು. ಘಟಕ ಮಾಡುವ."

ಪ್ರಜ್ಞೇಶ್ ಅನುಮಾನದಿಂದ ನೋಡಿದ. ಬೆಳ್ಯಪ್ಪ ಬೆರಳು ಮಡಚಿ ಕೆಲಸ ಹಂಚಿದರು. ಶೆಡ್ ಬೇಕು: ಕಮಲಳ ಸೌದೆ ಕೊಟ್ಟಿಗೆ ಇದೆ, ಸೌದೆ ಹೊರಗೆ ಹಾಕಿದರೆ ಅದೇ ಶೆಡ್. ಡಬ್ಬಿ ಬೇಕು: ಪೂವಯ್ಯನವರ ಹೋಂಸ್ಟೇಯಲ್ಲಿ ಮೂರು ಬಣ್ಣದ್ದು ಇದೆ, ಅದನ್ನು ಮಾಷ್ಟ್ರು ಕೇಳಿ ತರುವುದು. ತೂಕ ಮಾಡಲು ಅಕ್ಕಿ ತೂಗುವ ಯಂತ್ರ ಶಾಲೆಯಲ್ಲೇ ಇದೆ. ಉಳಿದದ್ದು ಕಸ.

"ಅದನ್ನ ನನಗೆ ಬಿಡಿ," ಎಂದು ಹೇಳಿ ಬೆಳ್ಯಪ್ಪ ಫೋನ್ ತೆಗೆದರು.

ಊರಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ನಲವತ್ತು ಜನ. ಬೆಳ್ಯಪ್ಪನವರ ಸಂದೇಶ ಆಸ್ಪತ್ರೆಯಲ್ಲಿ ಯಾರಿಗೋ ರಕ್ತ ಬೇಕೆಂದು ಕೇಳುವ ಧಾಟಿಯಲ್ಲಿತ್ತು: 'ನಮ್ಮ ಶಾಲೆಗೆ ತುರ್ತಾಗಿ ಪ್ಲಾಸ್ಟಿಕ್ ಬೇಕಾಗಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ತಲುಪಿಸಿ. ಹಳೆಯದಾದರೂ ಪರವಾಗಿಲ್ಲ. ದಯವಿಟ್ಟು ಎಲ್ಲ ಗುಂಪುಗಳಿಗೂ ಕಳಿಸಿ.' ಊರಿನ ಕಸದ ಗಾಡಿ ಕೆಟ್ಟು ನಿಂತು ಐದು ವಾರವಾಗಿತ್ತು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಪೂವಯ್ಯನವರ ಹೋಂಸ್ಟೇ ಹೊಳೆಯ ಆಚೆ ಇತ್ತು. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪ್ರಜ್ಞೇಶ್ ಸಂಕೋಚದಿಂದ ಒಂದು ದಿನದ ಮಟ್ಟಿಗೆ ಡಬ್ಬಿಗಳು ಬೇಕಿತ್ತು ಎಂದು ಕೇಳಿದ. ಯಾತಕ್ಕೆ ಎಂದು ಅವರು ಕೇಳಿದರು. ಪ್ರಜ್ಞೇಶನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮಕ್ಕಳಿಗೆ ತೋರಿಸುವುದಕ್ಕೆ ಎಂದು ಅರ್ಧ ನಿಜ ಹೇಳಿದ. ಪೂವಯ್ಯ ಪೇಪರ್ ಮಡಚಿಟ್ಟರು.

"ಡಬ್ಬಿ ಕೊಡ್ತೇನೆ ಮಾಷ್ಟ್ರೇ. ಆದ್ರೆ ಖಾಲಿ ಕೊಡುದಿಲ್ಲ."

ಅದರ ಅರ್ಥ ಹಿಂದಿನ ಅಂಗಳಕ್ಕೆ ಹೋದಾಗ ತಿಳಿಯಿತು. ಐದು ವಾರಾಂತ್ಯಗಳಲ್ಲಿ ಬೆಟ್ಟ ಹತ್ತಲು ಬಂದ ಅತಿಥಿಗಳು ಕುಡಿದು ಬಿಟ್ಟ ನೀರಿನ ಬಾಟಲಿಗಳೂ, ನೀರಲ್ಲದ ಬಾಟಲಿಗಳೂ ಕೋಳಿಗೂಡಿನೆತ್ತರ ಗುಡ್ಡೆ ಬಿದ್ದಿದ್ದವು. ಶಾಲೆಗೆ ಬ್ರಾಂದಿ ಬಾಟಲಿ ತೆಗೆದುಕೊಂಡು ಹೋಗಲಾಗುವುದಿಲ್ಲ ಎಂದು ಪ್ರಜ್ಞೇಶ್ ಹೇಳಿ ನೋಡಿದ. ಗಾಜು ಗಾಜೇ ತಾನೇ, ಒಳಗಿದ್ದದ್ದು ಹೋಗಿ ಆಗಿದೆಯಲ್ಲ ಎಂದು ಪೂವಯ್ಯ ಕೇಳಿದರು. ಕೊನೆಗೆ ಅವರದೇ ಪಿಕಪ್ಪಿನಲ್ಲಿ ಮೂರು ಡಬ್ಬಿ, ಹನ್ನೆರಡು ಮೂಟೆ ಬಾಟಲಿ ಮತ್ತು ಪ್ರಜ್ಞೇಶ್ ಹೊರಟರು. ಪೂವಯ್ಯನವರೂ ಜೊತೆಗೆ ಹೊರಟರು. ಡಬ್ಬಿಗಳ ಮೇಲೆ 'ಮಂಜಿನ ಮನೆ ಹೋಂಸ್ಟೇ' ಎಂದು ದೊಡ್ಡದಾಗಿ ಬರೆದಿತ್ತು. ಹಾಗೆ ಬರೆಸಲು ಖರ್ಚಾಗಿದೆ, ನೋಡುವವರು ನೋಡಲಿ ಎಂಬುದು ಅವರ ಎರಡನೇ ಷರತ್ತು.

ಶಾಲೆಯ ತಿರುವಿಗೆ ಬಂದಾಗ ಹನ್ನೆರಡು ಗಂಟೆ. ಪಿಕಪ್ ಮುಂದೆ ಹೋಗಲಿಲ್ಲ. ಮುಂದೆ ಐದು ಜೀಪು, ಎರಡು ಆಟೊ, ಒಂದು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು. ಪ್ರಜ್ಞೇಶ್ ಇಳಿದು ನಡೆದ. ಗೇಟಿನಲ್ಲಿ ಬೆಳ್ಯಪ್ಪ ಆಟದ ಪೀರಿಯಡ್ಡಿನ ಸೀಟಿ ಬಾಯಿಗಿಟ್ಟುಕೊಂಡು ಒಂದು ಕೈಯಿಂದ ಟ್ರ್ಯಾಕ್ಟರನ್ನು ಒಳಗೆ ಕರೆಯುತ್ತಿದ್ದರು, ಇನ್ನೊಂದು ಕೈಯಿಂದ ಜೀಪನ್ನು ತಡೆಯುತ್ತಿದ್ದರು.

ಅಂಗಳದಲ್ಲಿ ನೆಲ ಕಾಣುತ್ತಿರಲಿಲ್ಲ. ಗೊಬ್ಬರದ ಚೀಲ, ಒಡೆದ ಬಕೆಟ್, ಮೂರು ಕಾಲಿನ ಕುರ್ಚಿ, ಸ್ಪ್ರೇ ಪಂಪು, ಮಕ್ಕಳ ತೊಟ್ಟಿಲು, ಗಾಜು ಒಡೆದ ಟೀವಿ, ಎಡಗಾಲಿನದೇ ಒಂಬತ್ತು ಗಮ್‌ಬೂಟು. ಯಾರೋ ಪುಣ್ಯಾತ್ಮರು ಒಂದು ಕಮೋಡನ್ನೂ ತಂದು ಧ್ವಜಸ್ತಂಭದ ಕಟ್ಟೆಗೆ ಒರಗಿಸಿದ್ದರು. ಕಮೋಡು ಪ್ಲಾಸ್ಟಿಕ್ ಅಲ್ಲವಲ್ಲ ಎಂದು ಪ್ರಜ್ಞೇಶ್ ಕೇಳಿದಾಗ, ಅದರ ಮುಚ್ಚಳ ಪ್ಲಾಸ್ಟಿಕ್ಕೇ ಎಂದು ತಂದವರ ಪರವಾಗಿ ಬೆಳ್ಯಪ್ಪ ಉತ್ತರ ಕೊಟ್ಟರು.

"ಇಷ್ಟೆಲ್ಲ ಯಾಕೆ ಅಧ್ಯಕ್ಷರೇ? ನಾಲ್ಕು ಮೂಟೆ ಸಾಕಿತ್ತು."

"ಕೊಡುವವರಿಗೆ ಬೇಡ ಹೇಳುದು ಹೇಗೆ? ಊರವರಿಗೆ ಶಾಲೆ ಮೇಲೆ ಇಷ್ಟು ಪ್ರೀತಿ ಉಟ್ಟು ಅಂತ ನನಗೂ ಗೊತ್ತಿರ್ಲಿಲ್ಲೆ."

ಮಾತಿಗೆ ಸಮಯವಿರಲಿಲ್ಲ. ಪ್ರಜ್ಞೇಶ್ ಒಂದು ಸಂಗತಿಯಲ್ಲಿ ಮಾತ್ರ ಗಟ್ಟಿಯಾಗಿ ನಿಂತ. ಗಾಜು, ತಗಡು, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬ ಇವನ್ನೆಲ್ಲ ದೊಡ್ಡವರೇ ಎತ್ತಬೇಕು. ಮಕ್ಕಳು ಮುಟ್ಟುವುದೇನಿದ್ದರೂ ಕಾಗದ ಮತ್ತು ತೊಳೆದ ಪ್ಲಾಸ್ಟಿಕ್. ಊಟ ಮುಗಿಸಿದ ಮಕ್ಕಳು ಇಂಥ ಪೀರಿಯಡ್ ಹಿಂದೆ ಎಂದೂ ಬಂದಿರಲಿಲ್ಲ ಎಂಬ ಹುರುಪಿನಲ್ಲಿ ನುಗ್ಗಿದರು. ಏಳನೇ ತರಗತಿಯ ದೀಕ್ಷಿತಾ ಎಂಬ ಹುಡುಗಿ ತಾನಾಗಿಯೇ ಮೇಸ್ತ್ರಿಯಾದಳು. ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ, ಹಾಲಿನ ಪ್ಯಾಕೆಟ್ಟು ಬೇರೆ, ಚೀಲ ಬೇರೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಏಳು ಭಾಗ ಮಾಡಿದಳು. ಪೂವಯ್ಯನವರೂ ಟ್ರ್ಯಾಕ್ಟರಿನವನೂ ಅವಳು ಹೇಳಿದ ಕಡೆಗೆ ಮೂಟೆ ಹೊತ್ತರು.

ಪ್ರಜ್ಞೇಶ್ ಸೌದೆ ಕೊಟ್ಟಿಗೆ ಗುಡಿಸಿ, ಹಳೆ ಬೆಂಚಿನ ಹಲಗೆಯೊಂದಕ್ಕೆ ಹಸಿರು ಬಣ್ಣದಲ್ಲಿ ಫಲಕ ಬರೆಯಲು ಕೂತ. ಅವಸರದಲ್ಲಿ ಅಳತೆ ತಪ್ಪಿ 'ಮರುಬಳಕೆ ಘಟ' ಎನ್ನುವಷ್ಟರಲ್ಲಿ ಹಲಗೆ ಮುಗಿಯಿತು. ಕೊನೆಯ ಅಕ್ಷರವನ್ನು ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ತುರುಕಿದ. ಡಬ್ಬಿಗಳನ್ನು ಹೋಂಸ್ಟೇ ಹೆಸರು ಗೋಡೆಗೆ ಬರುವಂತೆ ತಿರುಗಿಸಿಟ್ಟ. ಅವನು ಕೈ ತೊಳೆದು ಬರುವಷ್ಟರಲ್ಲಿ ಪೂವಯ್ಯ ಹೆಸರು ಮುಂದಕ್ಕೆ ಬರುವಂತೆ ತಿರುಗಿಸಿದ್ದರು. ಪ್ರಜ್ಞೇಶ್ ಮತ್ತೆ ತಿರುಗಿಸಿದ. ಮೂರನೇ ಸಲ ತಿರುಗಿಸುವಾಗ ಗೇಟಿನಲ್ಲಿ ಕಾರು ನಿಂತಿತು.

ಚೇತನ್‌ಕುಮಾರ್ ಮೂವತ್ತರ ಆಸುಪಾಸಿನ, ನಗುಮುಖದ ಯುವಕ. ಬಿಳಿ ಶರಟು, ಕೈಯಲ್ಲಿ ಒಂದು ಟ್ಯಾಬ್. ಅಂಗಳಕ್ಕೆ ಬಂದವನು ಏಳು ಗುಡ್ಡೆಗಳನ್ನು ಒಂದೊಂದಾಗಿ ನೋಡಿದ. ನೋಡುತ್ತ ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟು ಕೊಟ್ಟಿಗೆಯ ಮುಂದೆ ನಿಲ್ಲಿಸಿದ್ದ ಫಲಕಕ್ಕೆ ಒರಗಿಕೊಂಡ. ಅಲ್ಲಿಂದ ಸರಿದಾಗ ಅವನ ಬಲದೋಳಿನ ಮೇಲೆ 'ಬಳಕೆ' ಎಂಬುದು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಮೂಡಿತ್ತು. ಪ್ರಜ್ಞೇಶ್ ಒರೆಸಲು ಬಟ್ಟೆ ಹುಡುಕಿದ. ಆ ಯುವಕ ಮಾತ್ರ ತೋಳು ನೋಡಿಕೊಂಡು, ಫಲಕಕ್ಕೆ ಆಗಾಗ ಬಣ್ಣ ಹೊಡೆದು ನಿರ್ವಹಣೆ ಮಾಡುತ್ತೀರಲ್ಲ, ಬಹಳ ಸಂತೋಷ ಎಂದ.

ಆಮೇಲೆ ಕೆಂಪು ಡಬ್ಬಿಯ ಮುಚ್ಚಳ ಎತ್ತಿದ. ಒಳಗೆ ಬ್ರಾಂದಿ, ವಿಸ್ಕಿ, ರಮ್ಮಿನ ಬಾಟಲಿಗಳು ಜಾತಿವಾರು ನಿಂತಿದ್ದವು. ಮಹಾದೇವಮ್ಮ ಕಣ್ಣು ಮುಚ್ಚಿದರು. ಪೂವಯ್ಯ ಮುಂದೆ ಬಂದು, ಅವೆಲ್ಲ ತಮ್ಮ ಅತಿಥಿಗಳದು, ಡಬ್ಬಿಯ ಮೇಲೆ ಹೆಸರು ಇದೆ ನೋಡಿ ಎಂದು ತೋರಿಸಿದರು. ಪ್ರವಾಸಿಗರ ಕಸವನ್ನೂ ಶಾಲೆಯೇ ಸಂಗ್ರಹಿಸುತ್ತದೆಯೇ ಎಂದು ಚೇತನ್‌ಕುಮಾರ್ ಬೆರಗಾಗಿ ಟ್ಯಾಬಿನಲ್ಲಿ 'ಸಮುದಾಯದ ಸಹಭಾಗಿತ್ವ: ಹತ್ತಕ್ಕೆ ಹತ್ತು' ಎಂದು ಬರೆದುಕೊಂಡ.

ತೂಕ ನಡೆಯಿತು. ಕಮೋಡು ಬಿಟ್ಟು ಒಟ್ಟು ನಾನೂರ ಹನ್ನೆರಡು ಕಿಲೋ. ಅವನು ದೀಕ್ಷಿತಾಳನ್ನು ಹತ್ತಿರ ಕರೆದು, ಇದನ್ನೆಲ್ಲ ಯಾವಾಗಿನಿಂದ ಕೂಡಿಹಾಕಿದ್ದೀರಮ್ಮ ಎಂದು ಕೇಳಿದ. ಸುಳ್ಳು ಹೇಳಿ ಎಂದು ಪ್ರಜ್ಞೇಶ್ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ಮನಸ್ಸು ಬಂದಿರಲಿಲ್ಲ. ಈಗ ಎಲ್ಲ ಮುಗಿಯಿತು ಎಂದುಕೊಂಡ. ಮುಗಿದರೆ ಒಳ್ಳೆಯದೇ ಎಂದೂ ಅನ್ನಿಸಿತು.

"ಇವತ್ತು ಬೆಳಿಗ್ಗೆಯಿಂದ ಸಾರ್," ಅಂದಳು ದೀಕ್ಷಿತಾ.

"ಇವತ್ತಿಂದೇ? ಒಂದು ದಿನದ್ದಾ ಇದು?"

"ಹೌದು ಸಾರ್. ಇನ್ನೂ ನಾಲ್ಕು ಜೀಪು ರಸ್ತೇಲಿ ನಿಂತಿದೆ."

ಚೇತನ್‌ಕುಮಾರ್ ಟ್ಯಾಬನ್ನು ಎದೆಗೊತ್ತಿಕೊಂಡು ಪ್ರಜ್ಞೇಶನನ್ನು ನೋಡಿದ ನೋಟದಲ್ಲಿ ಪೂಜ್ಯಭಾವವಿತ್ತು. 'ದಿನದ ಸಾಮರ್ಥ್ಯ: ನಾನೂರು ಕಿಲೋಗೂ ಮೇಲೆ' ಎಂದು ಬರೆದುಕೊಂಡದ್ದು ಪ್ರಜ್ಞೇಶನಿಗೆ ಪಕ್ಕದಿಂದ ಕಾಣಿಸಿತು.

ಆ ನೋಟವನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಹುಡುಗಿ ನಿಜ ಹೇಳಿದಳು, ತಾನು ಬಾಯಿ ಮುಚ್ಚಿಕೊಂಡು ನಿಂತೆ ಎಂಬುದು ಕಾಲಿಗೆ ಹತ್ತಿದ ಜಿಗಣೆಯಂತೆ ಕಚ್ಚತೊಡಗಿತು. ಅಡುಗೆಮನೆ ತೋರಿಸುವ ನೆಪದಲ್ಲಿ ಅವನು ಅಧಿಕಾರಿಯನ್ನು ಒಬ್ಬನನ್ನೇ ಆ ಕಡೆಗೆ ಕರೆದುಕೊಂಡು ಹೋದ. ಪೆನ್ಷನ್ ಹೋದರೆ ಮೇಡಂ ಅವರ ಕಾಲು ಹಿಡಿಯುವುದು, ಬಡ್ತಿ ಹೋದರೆ ಮನೆಯವರ ಬೈಗುಳ ತಿನ್ನುವುದು ಎಂದು ಗಟ್ಟಿ ಮನಸ್ಸು ಮಾಡಿದ. ಚೇತನ್‌ಕುಮಾರನೇ ತಲೆಯೆತ್ತಿ ಶೀಟು ಹೊಸದೇ ಎಂದು ಕೇಳಿದ.

"ಹೌದು ಸಾರ್. ಅದರ ಬಗ್ಗೆಯೇ ನಿಮ್ಮ ಹತ್ರ ಒಂದು ಮಾತು..."

"ಅದು ದಾನಿಗಳು ಕೊಟ್ಟದ್ದು," ಎಂದು ಬಾಗಿಲಿನಿಂದ ಬೆಳ್ಯಪ್ಪನವರ ದನಿ ಬಂತು. ಸೀಟಿ ಇನ್ನೂ ಕೊರಳಲ್ಲಿ ನೇತಾಡುತ್ತಿತ್ತು.

ಯಾರು ಆ ದಾನಿ ಎಂದು ಚೇತನ್‌ಕುಮಾರ್ ಕೇಳಿದ. ಹೆಸರು ಹೇಳಬಾರದು ಎಂದು ಅವರ ಅಪ್ಪಣೆಯಾಗಿದೆ ಎಂದು ಬೆಳ್ಯಪ್ಪ ಗಂಭೀರವಾಗಿ ಹೇಳಿದರು. ಹೆಸರು ಬಯಸದೆ ಕೊಡುವವರು ಈ ಕಾಲದಲ್ಲೂ ಇದ್ದಾರಲ್ಲ ಎಂದು ಆ ದಾನಿಯ ಪ್ರತಿನಿಧಿಯೇ ಮೆಚ್ಚಿ ತಲೆದೂಗಿದ. ಕಮಲ ಸೌಟು ತೊಳೆಯುತ್ತ, ನಗು ಬಂದದ್ದಕ್ಕೆ ಗೋಡೆಯ ಕಡೆ ತಿರುಗಿದಳು.

ಮಹಾದೇವಮ್ಮನವರ ಕೋಣೆಯಲ್ಲಿ ಕಾಫಿ ಬಂತು. ಅವರ ಮುಖಕ್ಕೆ ಬೆಳಿಗ್ಗೆಯಿಂದ ಮೊದಲ ಸಲ ಬಣ್ಣ ಬಂದಿತ್ತು. ಟ್ರಸ್ಟಿನವರು ಮೆಚ್ಚಿ ಇನ್ನೊಂದು ಕಂತು ಹಣ ಕೊಟ್ಟರೆ ಏಳನೇ ತರಗತಿಯ ಸೋರುವ ಹಂಚಿಗೂ ಒಂದು ದಾರಿಯಾಗುತ್ತದೆ ಎಂದು ಅವರು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಚೇತನ್‌ಕುಮಾರ್ ಲೋಟ ಕೆಳಗಿಟ್ಟು ಮಾತು ಶುರುಮಾಡಿದ.

ಈ ತಾಲೂಕಿನಲ್ಲಿ ಟ್ರಸ್ಟು ಹನ್ನೊಂದು ಶಾಲೆಗೆ ಹಣ ಕೊಟ್ಟಿತ್ತಂತೆ. ಒಂದು ತಿಂಗಳಲ್ಲಿ ಅವನು ಹತ್ತು ಶಾಲೆ ನೋಡಿ ಬಂದಿದ್ದ. ಹತ್ತರಲ್ಲಿ ಒಂದರಲ್ಲೂ ಘಟಕವಿಲ್ಲ. ಒಂದು ಕಡೆ ಶೌಚಾಲಯಕ್ಕೆ ಬಾಗಿಲು ಹಾಕಿಸಿದ್ದಾರೆ, ಒಂದು ಕಡೆ ಕುಸಿದ ಗೋಡೆ ಎತ್ತಿಸಿದ್ದಾರೆ, ಮೂರು ಕಡೆ ಸೋರುವ ಹಂಚಿಗೆ ಹಾಕಿದ್ದಾರೆ. ಪ್ರಮಾಣಪತ್ರ ಮಾತ್ರ ಎಲ್ಲರೂ ಕೊಟ್ಟಿದ್ದರು.

ಮಹಾದೇವಮ್ಮನವರ ಲೋಟ ತುಟಿಯ ಹತ್ತಿರವೇ ನಿಂತಿತು. ಅವರನ್ನೆಲ್ಲ ಏನು ಮಾಡುತ್ತೀರಿ ಎಂದು ಮೆಲ್ಲಗೆ ಕೇಳಿದರು.

"ಏನು ಮಾಡೋದು ಮೇಡಂ? ನಾನು ಹೋದ ಕೂಡ್ಲೇ ಎಲ್ಲರೂ ನಿಜ ಹೇಳಿಬಿಟ್ರು. ಒಬ್ಬರೂ ಮುಚ್ಚಿಡ್ಲಿಲ್ಲ. ಹೋದ ವಾರ ಟ್ರಸ್ಟಿನಲ್ಲಿ ಮೀಟಿಂಗ್ ಆಯ್ತು. ಸೋರೋ ಶಾಲೆಗೆ ಹೋಗಿ ಕಸದ ಡಬ್ಬಿ ಇಡಿ ಅಂದದ್ದು ನಮ್ಮದೇ ತಪ್ಪು ಅಂತ ಒಪ್ಪಿಕೊಂಡ್ರು. ಆ ಹತ್ತು ಶಾಲೆಗೂ ರಿಪೇರಿಗೆ ಅಂತಲೇ ತಲಾ ಎರಡು ಲಕ್ಷ ಮಂಜೂರಾಗಿದೆ."



ನಮ್ಮ ಶಾಲೆಗೆ, ಎಂದು ಬೆಳ್ಯಪ್ಪ ಕೇಳಿದರು.

ಅವನು ಇನ್ನೂ ಹೆಚ್ಚು ಸಂತೋಷದಿಂದ ಉತ್ತರಿಸಿದ. ರಿಪೇರಿಯ ಹಣ ಘಟಕ ಮಾಡಲಾಗದ ಶಾಲೆಗಳಿಗೆ. ಇಲ್ಲಿ ಘಟಕ ನಡೆಯುತ್ತಿದೆ, ಅಡುಗೆಮನೆಗೆ ದಾನಿಗಳೂ ಸಿಕ್ಕಿದ್ದಾರೆ, ಹಾಗಾಗಿ ಹಣದ ಅಗತ್ಯವಿಲ್ಲ. ಹನ್ನೊಂದರಲ್ಲಿ ಒಂದಾದರೂ ಶಾಲೆಯ ಘಟಕ ಕೆಲಸ ಮಾಡುತ್ತಿದ್ದರೆ ಅದನ್ನೇ ತಾಲೂಕಿನ ಕೇಂದ್ರ ಮಾಡುವುದೆಂದು ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಇನ್ನು ಮುಂದೆ ಹತ್ತೂ ಶಾಲೆಗಳ ಪ್ಲಾಸ್ಟಿಕ್, ಕಾಗದ, ಗಾಜು ನೆಲ್ಲಿಮಾಡಿಗೇ ಬರುತ್ತದೆ. ದಿನಕ್ಕೆ ನಾನೂರು ಕಿಲೋ ನಿಭಾಯಿಸುವ ಘಟಕಕ್ಕೆ ಅದೇನೂ ಭಾರವಾಗಲಾರದು. ಟ್ರಸ್ಟಿನ ಕಡೆಯಿಂದ ಒಂದು ಅಭಿನಂದನಾ ಪತ್ರ ಮತ್ತು ಇನ್ನೂರು ಜೊತೆ ಕೈಗವಸು ಬರುತ್ತದೆ.

ಪ್ರಜ್ಞೇಶ್ ಎದ್ದು ನಿಂತ.

"ಸಾರ್, ನಾವು ನಿಮಗೆ ಸುಳ್ಳು ಹೇಳಿದ್ದೇವೆ. ನಿಮ್ಮ ಹಣ ಅಡುಗೆಮನೆ ಶೀಟಿಗೆ ಹಾಕಿದ್ದು. ಘಟಕ ಇವತ್ತು ಬೆಳಿಗ್ಗೆ ಮಾಡಿದ್ದು. ಡಬ್ಬಿ ಪೂವಯ್ಯನವರದ್ದು, ಕಸ ಊರವರದ್ದು, ಶೆಡ್ ಸೌದೆದು. ಬೋರ್ಡು ಇನ್ನೂ ಒಣಗಿಲ್ಲ, ನಿಮ್ಮ ತೋಳು ನೋಡಿಕೊಳ್ಳಿ."

ಇಡೀ ದಿನದಲ್ಲಿ ಅವನು ನಿರಾಳವಾಗಿ ಉಸಿರು ಬಿಟ್ಟದ್ದು ಆಗಲೇ. ಮಹಾದೇವಮ್ಮನವರೂ ಹಿಂದೆ ಬೀಳಲಿಲ್ಲ. ತಪ್ಪು ತನ್ನದು, ಹಣ ಆ ಕಡೆ ತಿರುಗಿಸಿದ್ದು ತಾನು, ಬೇಕಾದರೆ ಬರೆದುಕೊಡುತ್ತೇನೆ ಎಂದರು. ಬೆಳ್ಯಪ್ಪ ಅವರಿಬ್ಬರನ್ನೂ ಹಿಂದೆ ಸರಿಸಿ, ನಿಜವಾದ ಅಪರಾಧಿ ತಾನು, ದಾನಿಯ ಕಥೆ ಕಟ್ಟಿದವನು ತಾನು ಎಂದು ಎದೆ ಮುಟ್ಟಿಕೊಂಡರು. ತಪ್ಪೊಪ್ಪಿಕೊಳ್ಳಲು ಮೂವರು ಹೀಗೆ ಪೈಪೋಟಿ ನಡೆಸಿದ್ದನ್ನು ಆ ಕೋಣೆ ಹಿಂದೆ ಕಂಡಿರಲಿಕ್ಕಿಲ್ಲ.

ಚೇತನ್‌ಕುಮಾರ್ ಮೂವರ ಮಾತೂ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿದ. ಆಮೇಲೆ ನಕ್ಕ.

"ರಿಪೇರಿ ಹಣ ಅಂದ ಕೂಡ್ಲೇ ಹೀಗಾಗುತ್ತೆ ಅಂತ ನಮ್ಮ ಮ್ಯಾನೇಜರ್ ಮೊದಲೇ ಹೇಳಿದ್ರು. ನಾನೂರ ಹನ್ನೆರಡು ಕಿಲೋ, ಏಳು ಭಾಗ, ಬಾಟಲಿ ಮುಚ್ಚಳ ಕೂಡ ಬೇರೆ. ಒಂದೇ ದಿನಕ್ಕೆ ಇಷ್ಟು ಕೆಲಸ ಮಾಡೋ ಘಟಕವನ್ನ ಇವತ್ತು ಬೆಳಿಗ್ಗೆ ಕಟ್ಟಿದ್ದು ಅಂದ್ರೆ ಯಾರು ನಂಬ್ತಾರೆ ಸಾರ್?"

ಪ್ರಜ್ಞೇಶ್ ಆಣೆ ಹಾಕಲು ಹೋದ. ಆತ ಟ್ಯಾಬ್ ತಿರುಗಿಸಿ ಸೆಪ್ಟೆಂಬರಿನ ಪ್ರಮಾಣಪತ್ರ ತೋರಿಸಿದ. ಅದರ ಕೆಳಗೆ ಪ್ರಜ್ಞೇಶನ ಸಹಿ ಸ್ಪಷ್ಟವಾಗಿತ್ತು, ನಡುಗಿದ್ದೂ ತಿಳಿಯುತ್ತಿರಲಿಲ್ಲ. ಬರವಣಿಗೆಯಲ್ಲಿ ಇರುವುದನ್ನು ಬಿಟ್ಟು ಬಾಯಿಮಾತು ನಂಬಿದರೆ ತನ್ನ ಕೆಲಸಕ್ಕೇ ಸಂಚಕಾರ ಬರುತ್ತದೆ ಎಂದು ಹೇಳಿ, ಇಂಥ ಒಳ್ಳೆಯ ಘಟಕ ನಡೆಸುವವರು ಎರಡು ಲಕ್ಷಕ್ಕಾಗಿ ಹೀಗೆ ತಮ್ಮ ಹೆಸರು ತಾವೇ ಕೆಡಿಸಿಕೊಳ್ಳಬಾರದು ಎಂದು ಬುದ್ಧಿವಾದವನ್ನೂ ಹೇಳಿದ. ಹೊರಡುವ ಮುನ್ನ ಅಂಗಳದಲ್ಲಿ ನಿಂತು ಯಾರಿಗೋ ಫೋನ್ ಮಾಡಿ, 'ಇಲ್ಲಿ ಎಲ್ಲ ಸರಿ ಇದೆ, ಕಳಿಸಿಬಿಡಿ' ಎಂದ. ಪ್ರಜ್ಞೇಶನ ಕೈ ಕುಲುಕಿ ಕಾರು ಹತ್ತಿದ.

ನಾಲ್ಕು ಗಂಟೆಗೆ ಮಕ್ಕಳು ಮನೆಗೆ ಹೋದರು. ಪೂವಯ್ಯನವರು ತಮ್ಮ ಮೂರು ಡಬ್ಬಿಗಳಲ್ಲಿದ್ದದ್ದನ್ನು ಜಾಗರೂಕತೆಯಿಂದ ನೆಲಕ್ಕೆ ಸುರಿದು, ಡಬ್ಬಿಗಳನ್ನು ಪಿಕಪ್ಪಿಗೆ ಏರಿಸಿ, ಇನ್ನು ಪ್ರತಿ ಸೋಮವಾರ ತಾವೇ ಕಸ ಕಳಿಸಿಕೊಡುವುದಾಗಿ ಮಾತು ಕೊಟ್ಟು ಹೋದರು. ಬೆಳ್ಯಪ್ಪನವರಿಗೆ ಯಾರದೋ ಮನೆಯಿಂದ ಕರೆ ಬಂತು, ಅವರೂ ಹೋದರು. ಕಮಲ ಸೌದೆ ಎಲ್ಲಿ ಇಡುವುದು ಎಂದು ಕೇಳಿದಳು. ಯಾರೂ ಉತ್ತರಿಸದಿದ್ದಾಗ ಅಡುಗೆಮನೆಯೊಳಗೇ ಜೋಡಿಸತೊಡಗಿದಳು.

ಕತ್ತಲಾಗುವ ಹೊತ್ತಿಗೆ ಪ್ರಜ್ಞೇಶ್ ಇನ್ನೂ ಮೆಟ್ಟಿಲ ಮೇಲೆ ಕೂತಿದ್ದಾಗ ಒಂದು ಲಾರಿ ಬಂದು ನಿಂತಿತು. ತಲೆ ಮೀರಿ ತುಂಬಿದ ಮೂಟೆಗಳ ಮೇಲೆ ಹಗ್ಗ ಬಿಗಿದಿತ್ತು. ಜೊತೆಗೇ ಫೋನೂ ಬಂತು. ಆ ಹತ್ತರಲ್ಲಿ ಒಂದು ಶಾಲೆಯ ಮುಖ್ಯ ಶಿಕ್ಷಕ ಕೀರ್ತಿಕುಮಾರ್. ಶೆಡ್ ಇಲ್ಲದೆ ಮಕ್ಕಳು ತಂದದ್ದೆಲ್ಲ ಆಗಸ್ಟಿನಿಂದ ತಮ್ಮ ಅಂಗಳದಲ್ಲೇ ಬಿದ್ದಿತ್ತು, ಚೇತನ್‌ಕುಮಾರ್ ಹೇಳಿದ್ದೇ ತಡ ಕಳಿಸಿದ್ದೇನೆ ಎಂದರು.

"ದೊಡ್ಡ ಉಪಕಾರ ಆಯ್ತು ಸಾರ್. ನಮ್ಮಲ್ಲಿ ಸೋಮವಾರದಿಂದ ಹಂಚಿನ ಕೆಲಸ ಶುರು. ಜಾಗ ಖಾಲಿ ಮಾಡಿಕೊಡಿ ಅಂತ ಮೇಸ್ತ್ರಿ ಒಂದೇ ಸಮ ಹೇಳ್ತಿದ್ದ."

ಪ್ರಜ್ಞೇಶ್ ಪರವಾಗಿಲ್ಲ ಎಂದು ಹೇಳಿ ಫೋನ್ ಇಟ್ಟ. ಎಲ್ಲಿ ಇಳಿಸುವುದು ಎಂದು ಲಾರಿಯವನು ಕೇಳಿದ. ಅಂಗಳದಲ್ಲಿ ಎಲ್ಲೂ ಜಾಗವಿರಲಿಲ್ಲ. ಪ್ರಜ್ಞೇಶ್ ಎದ್ದು ಹೋಗಿ ಏಳನೇ ತರಗತಿಯ ಬಾಗಿಲು ತೆರೆದು, ಬೆಂಚುಗಳನ್ನು ಒಂದು ಬದಿಗೆ ಎಳೆಯತೊಡಗಿದ.